ಸಿಟ್ಟಿನ ಅಂತಸ್ತು

ಕೊಡಗಿನಲ್ಲಿ ಇಂಗ್ಲಿಷ್ ಸರಿಯಾಗಿ ಬಾರದವರಿಗೂ ಸಿಟ್ಟು ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಬಸ್ಸಿನಲ್ಲಿ ಕಾಲು ತುಳಿದವನು ‘ನಾನ್‌ಸೆನ್ಸ್’, ಗೇಟು ಹಾಕದೆ ತೋಟಕ್ಕೆ ದನ ನುಗ್ಗಿಸಿದವನು ‘ಈಡಿಯಟ್’, ಅಳತೆ ಮೀರಿದವನು ‘ಬ್ಲಡಿ ರಾಸ್ಕಲ್’. ಮದುವೆ, ಸಾವು, ಗದ್ದೆಕೆಲಸ, ಕೊಡುಕೊಳ್ಳುವ ಮಾತು ಎಲ್ಲವೂ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಕನ್ನಡದಲ್ಲೋ ಮಲಯಾಳದಲ್ಲೋ ನಡೆಯುತ್ತಿರುತ್ತದೆ. ದನಿ ಏರಿತೋ, ಭಾಷೆಯೂ ಬದಲಾಯಿತು. ಮನೆಮನೆಯಿಂದಲೂ ಮಿಲಿಟರಿಗೆ ಹೋದ ಊರು ಇದು ಎಂಬುದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾಫಿ. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜನನ್ನು ಗದ್ದುಗೆಯಿಂದ ಇಳಿಸಿತು; 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿ ಪಕ್ಕದಲ್ಲಿ ಕಾಫಿ ತೋಟ ತೆರೆದ. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಇಲ್ಲಿ ಬೈಯುವ ಅಧಿಕಾರವಿದ್ದವರು ಇಂಗ್ಲಿಷಿನಲ್ಲಿ ಬೈದರು. ಬೈಸಿಕೊಂಡವರ ಮಕ್ಕಳು ವ್ಯಾಕರಣಕ್ಕೆ ಮೊದಲು ಅದನ್ನೇ ಕಲಿತರು.

ನನ್ನ ಅಪ್ಪ ಒಂದು ತೋಟದಲ್ಲಿ ರೈಟರು. ಬಯಲುಸೀಮೆಯವರಿಗೆ ಒಂದು ಮಾತು ಹೇಳಿಬಿಡಬೇಕು: ರೈಟರು ಅಂದರೆ ಕವಿಯಲ್ಲ, ಕಾದಂಬರಿಕಾರನೂ ಅಲ್ಲ. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಚೆಕ್‌ರೋಲ್ ಬರೆಯುವವರು, ವಾರದ ಬಟವಾಡೆ ಲೆಕ್ಕ ಹಾಕುವವರು. ಮೇಲೆ ಬಂಗಲೆಯ ದೊರೆ, ಕೆಳಗೆ ಲೈನ್‌ಮನೆಯ ಆಳು, ನಡುವೆ ರೈಟರು. ನನಗೆ ಬುದ್ಧಿ ಬರುವ ಹೊತ್ತಿಗೆ ಬಿಳಿಯರು ಹೋಗಿ ನಮ್ಮವರೇ ಮ್ಯಾನೇಜರಾಗಿದ್ದರು. ಆದರೂ ಆಳುಗಳಿಗೆ ಅವರು ‘ದೊರೆ’ಯೇ, ಅವರ ಚೀಟಿಯ ಇಂಗ್ಲಿಷೂ ಹಳೆಯ ದೊರೆಗಳದೇ. ಒಂದು ತುದಿಯಲ್ಲಿ ಕೆಂಪು, ಇನ್ನೊಂದು ತುದಿಯಲ್ಲಿ ನೀಲಿ ಇರುವ ಪೆನ್ಸಿಲ್ ಒಂದು ಬರುತ್ತಿತ್ತಲ್ಲ, ಅದರಲ್ಲಿ ಬರೆದ ಅರ್ಧ ಹಾಳೆಯ ಚೀಟಿ ಬಂಗಲೆಯಿಂದ ಬರುತ್ತಿತ್ತು. ಅಪ್ಪ ಅದನ್ನು ಎರಡು ಸಲ ಓದುತ್ತಿದ್ದರು. ಮೊದಲು ಬಣ್ಣ ನೋಡಲು, ಆಮೇಲೆ ಪದ ನೋಡಲು.

‘ಅನಾಯ್ಡ್’ ಎಂದಿದ್ದರೆ ಅಪ್ಪ ಚೀಟಿಯನ್ನು ಮೊಳೆಗೆ ಚುಚ್ಚಿ ಕಾಫಿ ಕುಡಿಯಲು ಕೂರುತ್ತಿದ್ದರು. ಸಂಜೆಯ ಹೊತ್ತಿಗೆ ದೊರೆಗೆ ಅದು ಮರೆತಿರುತ್ತಿತ್ತು. ‘ಡಿಸ್‌ಪ್ಲೀಸ್ಡ್’ ಬಂದರೆ ಲೆಕ್ಕದ ಪುಸ್ತಕವನ್ನು ಮತ್ತೊಮ್ಮೆ ಕೂಡುತ್ತಿದ್ದರು. ಅವರಿಗೆ ನಿಜವಾಗಿ ಹೆದರಿಕೆಯಿದ್ದದ್ದು ‘ಸರ್‌ಪ್ರೈಸ್ಡ್ ಟು ನೋಟ್’ ಎಂಬ ಮೂರು ಪದಗಳಿಗೆ. ದೊರೆಗೆ ಆಶ್ಚರ್ಯವಾಯಿತೆಂದರೆ ಯಾರದೋ ಸಂಬಳಕ್ಕೆ ಕತ್ತರಿ. ‘ಪೇನ್ಡ್’ ಅಂದರೆ, ದೊರೆಯ ಮನಸ್ಸಿಗೆ ನೋವಾಯಿತೆಂದರೆ, ಒಬ್ಬನ ಕೆಲಸವೇ ಹೋಯಿತು ಎಂದರ್ಥ. ಅಪ್ಪನ ಕಾಲದ ಚೀಟಿಗಳಲ್ಲಿ ‘ಆ್ಯಂಗ್ರಿ’ ಎಂಬ ಪದವನ್ನು ನಾನು ಕಂಡದ್ದೇ ಇಲ್ಲ. ನನಗೆ ಸಿಟ್ಟು ಬಂದಿದೆ ಎಂದು ಬಾಯಿಬಿಟ್ಟು ಹೇಳಬೇಕಾದವನು ಇನ್ನೂ ದೊರೆಯಾಗಿಲ್ಲ.

ಮುಂದೆ ನಾನು ಇಂಗ್ಲಿಷ್ ಮೇಷ್ಟ್ರಾದೆ. ಪಠ್ಯದ ಕೊನೆಯಲ್ಲಿ ಒಂದು ಅಭ್ಯಾಸ ತಪ್ಪದೆ ಇರುತ್ತಿತ್ತು: ಅನಾಯ್ಡ್, ಆ್ಯಂಗ್ರಿ, ಎನ್‌ರೇಜ್ಡ್, ಫ್ಯೂರಿಯಸ್, ಲಿವಿಡ್, ಇವನ್ನು ಏರುಕ್ರಮದಲ್ಲಿ ಬರೆಯಿರಿ. ಮಕ್ಕಳು ಬರೆಯುತ್ತಿದ್ದರು, ನಾನು ಅಂಕ ಕೊಡುತ್ತಿದ್ದೆ. ಸಿಟ್ಟು ಥರ್ಮಾಮೀಟರಿನ ಪಾದರಸದ ಹಾಗೆ, ಇಂತಿಷ್ಟು ಡಿಗ್ರಿಗೆ ಇಂತಿಂಥ ಹೆಸರು ಎಂಬುದು ಆ ಪುಸ್ತಕದವರ ನಂಬಿಕೆ. ಅಪ್ಪನ ಮೊಳೆಯಲ್ಲಿ ನೇತಾಡುತ್ತಿದ್ದ ಚೀಟಿಗಳನ್ನು ಕಂಡ ನನಗೆ ಅದು ಒಪ್ಪಿಗೆಯಾಗಲೇ ಇಲ್ಲ.

ಆ ಪದಗಳ ಹುಟ್ಟು ನೋಡಿದರೂ ಏಣಿ ನಿಲ್ಲುವುದಿಲ್ಲ. ರೇಜ್ ಬಂದದ್ದು ಲ್ಯಾಟಿನ್ನಿನ ರೇಬೀಸ್‌ನಿಂದ, ಹುಚ್ಚುನಾಯಿಯ ಕಾಯಿಲೆಗೆ ನಾವು ಇಂದಿಗೂ ಹೇಳುವ ರೇಬೀಸ್ ಅದೇ. ಅದು ಬಂದವನಿಗೆ ಎದುರಿಗಿರುವವರು ಯಾರೆಂದು ತಿಳಿಯುವುದಿಲ್ಲ. ಫ್ಯೂರಿ ಹಾಗಲ್ಲ. ಅದರ ಹಿಂದೆ ರೋಮಿನವರ ಮೂವರು ದೇವತೆಗಳಿದ್ದಾರೆ. ಹೆತ್ತವರನ್ನು ಕೊಂದವರನ್ನು, ಆಣೆ ಮುರಿದವರನ್ನು ಹುಡುಕಿಕೊಂಡು ಹೋಗುವುದೇ ಅವರ ಉದ್ಯೋಗ. ಯಾರನ್ನು ಹಿಡಿಯಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಇಂಡಿಗ್ನೇಷನ್ ಎಂಬುದರಲ್ಲಿ ‘ಇದು ನನ್ನ ಯೋಗ್ಯತೆಗೆ ತಕ್ಕದ್ದಲ್ಲ’ ಎಂಬ ಮಾತೇ ಅಡಗಿದೆ. ಯೋಗ್ಯತೆ ಉಂಟು ಎಂದು ಊರು ಒಪ್ಪಿದವನಿಗೆ ಮಾತ್ರ ಅದು ಬರಲು ಸಾಧ್ಯ. ರಿಸೆಂಟ್‌ಮೆಂಟ್ ಅಂದರೆ ಮತ್ತೆ ಮತ್ತೆ ಅನುಭವಿಸುವುದು. ಆಗಲೇ ಎದ್ದು ನಿಂತು ಹೇಳಲಾರದವನ ಪಾಲಿಗೆ ಬಂದದ್ದು. ಲಿವಿಡ್ ಎಂದರೆ ಕೆಂಪಲ್ಲ, ಪೆಟ್ಟು ಬಿದ್ದ ಚರ್ಮದ ಕಪ್ಪುನೀಲಿ. ಕೋಪಕ್ಕೆ ಕೆಂಪನ್ನೇ ಹಚ್ಚಿ ಅಭ್ಯಾಸವಾದ ನಮ್ಮ ಹುಡುಗರು ಇದನ್ನು ಕೊನೆಯವರೆಗೂ ನಂಬಲಿಲ್ಲ. ಇನ್ನು ಆ್ಯಂಗರ್, ಎಲ್ಲಕ್ಕೂ ತಾಯಿಯಂತಿರುವ ಈ ಪದ, ಉತ್ತರದ ನಾರ್ಸ್ ಜನರ ಬಾಯಲ್ಲಿ ದುಃಖ ಎಂಬ ಅರ್ಥದಲ್ಲಿತ್ತು. ಇಕ್ಕಟ್ಟು, ಉಸಿರು ಕಟ್ಟುವುದು ಎಂಬ ಇನ್ನೂ ಹಳೆಯ ಬೇರಿನಿಂದ ಅದೂ ಬಂತು, ಆ್ಯಂಗ್ವಿಶ್ ಕೂಡ ಬಂತು.

ಇವುಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಕೇಳಿದರೆ ಏನು ಹೇಳುವುದು? ಯಾರಿಗೆ ಬಂತು ಎಂದು ಕೇಳಿದರೆ ಉತ್ತರ ಸಲೀಸು. ದೇವರಿಗೂ ರಾಜನಿಗೂ ಬಂದರೆ ರಾಥ್. ಯಜಮಾನನಿಗೆ ಡಿಸ್‌ಪ್ಲೆಷರ್. ಮಗುವಿಗೆ ಟ್ಯಾಂಟ್ರಮ್. ಹೆಂಡತಿಗೆ ಬಂದರೆ ಸಲ್ಕಿಂಗ್. ಆಳಿಗೆ ಬಂದರೆ ಅದು ಸಿಟ್ಟೇ ಅಲ್ಲ, ಇನ್ಸಲೆನ್ಸ್. ನಾವೇನೂ ಸಾಚಾಗಳಲ್ಲ. ಮಾವನದು ಕೋಪ, ಅತ್ತೆಯದು ಸಿಡುಕು, ಸೊಸೆಯದು ಮೋರೆ ಊದಿಸಿಕೊಳ್ಳುವುದು. ಪದಕೋಶಗಳು ಈ ಸುದ್ದಿಗೆ ಹೋಗುವುದಿಲ್ಲ. ಕೆಲಕಾಲ ಮಡಿಕೇರಿಯಲ್ಲೂ ಇದ್ದ ಕಿಟೆಲ್ ಸಾಹೇಬರ 1894ರ ದೊಡ್ಡ ಕೋಶದಿಂದ ಹಿಡಿದು ಮಕ್ಕಳ ಕಿಸೆಕೋಶದವರೆಗೆ ಕನ್ನಡ–ಇಂಗ್ಲಿಷ್ ಕೋಶಗಳ ಪಾಡು ಒಂದೇ: ಸಿಟ್ಟನ್ನು ಹುಡುಕಿ ಹೋದರೆ ಆ್ಯಂಗರಿನ ಮನೆಗೆ ಕಳಿಸುತ್ತವೆ, ಆ್ಯಂಗರನ್ನು ಕೇಳಿ ಹೋದರೆ ಸಿಟ್ಟಿನ ಮನೆಗೆ ವಾಪಸು ಅಟ್ಟುತ್ತವೆ.

ಕೊಡಗಿನ ಚರಿತ್ರೆಯನ್ನೇ ತೆಗೆದುಕೊಳ್ಳಿ. 1834ರ ದಂಡಯಾತ್ರೆಗೆ ಕಂಪನಿ ಕೊಟ್ಟ ಕಾರಣಗಳಲ್ಲಿ ಅರಸನ ಕ್ರೌರ್ಯದ ಜೊತೆಗೆ, ಅವನು ಮದರಾಸಿನ ಗವರ್ನರಿಗೂ ಗವರ್ನರ್ ಜನರಲ್ಲಿಗೂ ಅವಮಾನಕರವಾದ ಕಾಗದ ಬರೆದ ಎಂಬುದೂ ಒಂದು. ಅಂದರೆ ಅರಸ ಸಿಟ್ಟಿನಲ್ಲಿ ಬರೆದ. ಅದನ್ನು ಓದಿ ಅವರೂ ಸಿಟ್ಟಾದರು. ಒಬ್ಬನದು ಉದ್ಧಟತನ ಎನಿಸಿಕೊಂಡಿತು, ಇನ್ನೊಬ್ಬರದು ರಾಜಕಾರಣ. ಇಂಗ್ಲಿಷಿನಲ್ಲಿ ಹೀಗೆ ಮಾನಕ್ಕೆ ಪೆಟ್ಟು ಬಿತ್ತೆಂದು ಮುಖ ಬಿಗಿದುಕೊಳ್ಳುವುದಕ್ಕೆ ‘ಟೇಕ್ ಅಂಬ್ರೇಜ್’ ಎನ್ನುತ್ತಾರೆ. ಅಂಬ್ರೇಜ್ ಎಂದರೆ ಮೂಲದಲ್ಲಿ ನೆರಳು, ಮರದ ನೆರಳು. ನೆರಳಿಲ್ಲದೆ ಕಾಫಿ ಬೆಳೆಯದ, ಮುಂಗಾರಿಗೆ ಮೊದಲು ಮರಗಸಿ ಮಾಡಿಸಿ ಆ ನೆರಳನ್ನೂ ಅಳತೆಗೆ ತರುವ ನಾಡಿನಲ್ಲಿ ಕೂತು ಈ ಪದವನ್ನು ಪಾಠ ಮಾಡುವುದು ನನಗೆ ಬಹಳ ಇಷ್ಟದ ಕೆಲಸವಾಗಿತ್ತು.

ಮೂರೇ ವರ್ಷಕ್ಕೆ, 1837ರಲ್ಲಿ, ಜನರ ಸರದಿ. ಕೊಡಗಿನ ಅರಸರ ಕೈಕೆಳಗಿದ್ದ ಅಮರ ಸುಳ್ಯ, ಪುತ್ತೂರಿನ ಸೀಮೆಯನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಭತ್ತದ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. ಕೈಯಲ್ಲಿ ಕಾಸು ಆಡದ ರೈತ ಬೆಳೆಯನ್ನು ಅಗ್ಗಕ್ಕೆ ಮಾರಬೇಕು, ಇಲ್ಲವೇ ಸಾಲ ಮಾಡಬೇಕು. ದಂಡು ಕಟ್ಟಿಕೊಂಡು ಹೊರಟವರು ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಸೋತ ಮೇಲೆ ಅವರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಈ ಸಿಟ್ಟಿಗೆ ಆಳುವವರು ಇಟ್ಟ ಹೆಸರು ಇನ್‌ಸರೆಕ್ಷನ್. ದಕ್ಷಿಣ ಕನ್ನಡದ ಕಡೆ ಜನರ ಬಾಯಲ್ಲಿ ಬಹುಕಾಲ ಉಳಿದದ್ದು ಇನ್ನೊಬ್ಬ ಮುಂದಾಳುವಿನ ಹೆಸರು ಹೊತ್ತ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಏನೋ ಲೂಟಿ, ಕಿರುಕುಳ ಎಂಬ ಧಾಟಿ. ಈಗ ಅದು ಅಮರ ಸುಳ್ಯದ ಸ್ವಾತಂತ್ರ್ಯ ಸಮರ. ಅಪ್ಪಯ್ಯಗೌಡರ ಪ್ರತಿಮೆ ಮಡಿಕೇರಿಯಲ್ಲಿ ನಿಂತಿದೆ. ಸಿಟ್ಟು ಅಂದಿನದೇ, ಕಾರಣ ಅಂದಿನದೇ. ಹೆಸರಿಡುವವರು ಬದಲಾದರು.

ಪತ್ರಿಕೆಯವರ ಸಂಗತಿ ಬೇರೆ. ಅವರಲ್ಲಿ ಜನರಿಗೆ ಒಂದೇ ಒಂದು ಭಾವ: ಆಕ್ರೋಶ. ರಸ್ತೆ ಗುಂಡಿ, ಸಾರ್ವಜನಿಕರ ಆಕ್ರೋಶ. ಬಸ್ಸು ತಡ, ಪ್ರಯಾಣಿಕರ ಆಕ್ರೋಶ. ಮಳೆಗಾಲದಲ್ಲಿ ನಮ್ಮ ಬೀದಿಗೆ ಕರೆಂಟು ಹೋಗಿ ಬಾರದಿದ್ದಾಗ ನಾನು ಒಂದು ಪತ್ರಿಕೆಯ ವಾಚಕರ ಅಂಕಣಕ್ಕೆ ‘ತುಸು ಬೇಸರದಿಂದ’ ಎಂದು ಆರಂಭಿಸಿ ಬರೆದಿದ್ದೆ. ಅದು ಅಚ್ಚಾದಾಗ ಮೇಲೆ ‘ನಿವೃತ್ತ ಶಿಕ್ಷಕರ ಆಕ್ರೋಶ’ ಎಂದಿತ್ತು. ಎರಡು ದಿನ ಪೇಟೆಯಲ್ಲಿ ಎಲ್ಲರೂ ನನಗೆ ದಾರಿ ಬಿಟ್ಟು ನಡೆದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಇದರ ಅಣ್ಣ ಔಟ್‌ರೇಜ್. ಅದರೊಳಗೆ ರೇಜ್ ಇದೆ ಎಂದು ಇಂಗ್ಲಿಷಿನವರೇ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ. ಹಳೆಯ ಫ್ರೆಂಚಿನಲ್ಲಿ ಅದು ಎಲ್ಲೆ ದಾಟುವುದು, ಅತಿ ಮಾಡುವುದು ಎಂಬ ಪದ. ಮೊದಲು ಔಟ್‌ರೇಜ್ ಇದ್ದದ್ದು ತಪ್ಪು ಮಾಡಿದವನ ಕಡೆ, ಅದನ್ನು ಕಂಡು ಕೆರಳಿದವನ ಕಡೆಯಲ್ಲ. ಎಲ್ಲೆ ದಾಟಿದವನನ್ನು ಬಿಟ್ಟು, ಕೂಗಿದವನಿಗೆ ಆ ಪದ ಅಂಟಿಕೊಂಡದ್ದು ಯಾವ ನ್ಯಾಯವೋ ತಿಳಿಯದು.

ಎಲ್ಲೆ ದಾಟುವುದನ್ನೇ ಹಬ್ಬ ಮಾಡಿಕೊಂಡವರು ದಕ್ಷಿಣ ಕೊಡಗಿನಲ್ಲಿದ್ದಾರೆ. ಮೇ ತಿಂಗಳ ಕೊನೆಗೆ ತಿತಿಮತಿ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ. ಜೇನುಕುರುಬರು, ಬೆಟ್ಟಕುರುಬರು, ಯರವರು, ಹೆಚ್ಚಾಗಿ ತೋಟದ ಕೆಲಸದವರು. ಗಂಡಸರು ಹೆಂಗಸರ ಬಟ್ಟೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಸೋರೆಬುರುಡೆಯನ್ನೋ ಪ್ಲಾಸ್ಟಿಕ್ ಡಬ್ಬವನ್ನೋ ಬಡಿಯುತ್ತ ಗೋಣಿಕೊಪ್ಪದ ರಸ್ತೆಗೆ ಇಳಿಯುತ್ತಾರೆ. ಕಾರು ನಿಲ್ಲಿಸಿ, ಅಂಗಡಿಗೆ ನುಗ್ಗಿ, ಕೈಯೊಡ್ಡಿ, ಬಾಯಿಗೆ ಬಂದಂತೆ ಬೈಯುತ್ತಾರೆ. ಆ ಬೈಗುಳದ ಮಾದರಿಯನ್ನು ಇಲ್ಲಿ ಕೊಡುವ ಧೈರ್ಯ ನನಗಿಲ್ಲ. ಹಬ್ಬದ ಹೆಸರಿನಿಂದಲೇ ಊಹಿಸಿಕೊಳ್ಳಿ. ಹಿನ್ನೆಲೆಗೊಂದು ಕಥೆ ಹೇಳುತ್ತಾರೆ. ಅಯ್ಯಪ್ಪ ದೇವರು ಇವರನ್ನು ಬೇಟೆಗೆಂದು ಕಾಡಿಗೆ ಕರೆದೊಯ್ದು, ನಡುದಾರಿಯಲ್ಲಿ ಭದ್ರಕಾಳಿಯನ್ನು ಕಂಡು, ಇವರನ್ನು ಅಲ್ಲೇ ಬಿಟ್ಟು ಅವಳ ಹಿಂದೆ ಹೊರಟುಹೋದನಂತೆ. ಅದಕ್ಕೆ ವರ್ಷಕ್ಕೊಮ್ಮೆ ದೇವರಿಗೆ ಪೂಜೆ ಬೈಗುಳದಲ್ಲೇ. ಕೊನೆಗೆ ಗುಡಿಯ ಮುಂದೆ ತಪ್ಪೊಪ್ಪಿಕೊಂಡು ಮನೆಗೆ.

ಇದು ಯಾವ ಜಾತಿಯ ಸಿಟ್ಟು? ಕಣ್ಣು ಕತ್ತಲಿಟ್ಟ ರೇಜ್ ಅಲ್ಲ, ಕ್ಯಾಲೆಂಡರು ನೋಡಿ ಬರುತ್ತದೆ. ಫ್ಯೂರಿಯಲ್ಲ, ನಗುವೂ ಕುಣಿತವೂ ಇದೆ. ಮತ್ತೆ ಮತ್ತೆ ಅನುಭವಿಸುವ ರಿಸೆಂಟ್‌ಮೆಂಟ್ ಎನ್ನೋಣವೆಂದರೆ ಅದು ಒಳಗೇ ಕುದಿಯುವಂಥದು, ಇದು ನಡುರಸ್ತೆಯಲ್ಲಿ ಡಬ್ಬ ಬಡಿಯುತ್ತದೆ. ನನಗೆ ಕುತೂಹಲ ಬೈಯುವವರಿಗಿಂತ ಬೈಸಿಕೊಳ್ಳುವವರ ಬಗ್ಗೆ. ವರ್ಷವಿಡೀ ‘ಸಾಹುಕಾರ್ರೇ’ ಅನ್ನಿಸಿಕೊಂಡ ತೋಟದ ಯಜಮಾನ ಅಂದು ಕಾರಿನ ಗಾಜು ಇಳಿಸಿ, ತನ್ನ ವಂಶವನ್ನೆಲ್ಲ ಕೇಳಿಸಿಕೊಂಡು, ನಗುತ್ತ ನೂರರ ನೋಟು ಕೊಡುತ್ತಾನೆ. ಅದೇ ಮಾತಿನ ನೂರರಲ್ಲೊಂದು ಪಾಲು ಮಾರನೆಯ ದಿನ ತೋಟದಲ್ಲಿ ಕೆಲಸ ಮಾಡುವಾಗ ಬಂದಿದ್ದರೆ ಅಪ್ಪನ ಕಾಲದಲ್ಲಿ ಕೆಂಪು ಪೆನ್ಸಿಲಿನ ‘ಪೇನ್ಡ್’ ಚೀಟಿ ಬರುತ್ತಿತ್ತು. ಒಂದು ದಿನದ ಪರವಾನಗಿ ಕೊಟ್ಟದ್ದು ಉದಾರತನ ಎಂದು ಹೊಗಳುವವರಿದ್ದಾರೆ. ಉಳಿದ ದಿನಗಳ ಲೆಕ್ಕ ಅವರು ಮಾಡುವುದಿಲ್ಲ.

ಆನೆಗೆ ಆ ಒಂದು ದಿನವೂ ಇಲ್ಲ. ತೋಟಕ್ಕೆ ಹಲಸಿನ ಹಣ್ಣಿಗೆ ಬಂದ ಒಂಟಿ ಸಲಗ ಬೇಲಿ ಮುರಿದರೆ ಇಂಗ್ಲಿಷಿನಲ್ಲಿ ರಾಂಪೇಜ್, ಮನುಷ್ಯನನ್ನು ಅಟ್ಟಿದರೆ ರೋಗ್. ರೋಗ್ ಎಂದರೆ ಮೊದಲಿಗೆ ಮನೆಮಠವಿಲ್ಲದೆ ಅಲೆಯುವ ಬಿಕಾರಿ. ತೋಟಗಳಿಗಿಂತ ಎಷ್ಟೋ ಹಳೆಯದಾದ ತನ್ನ ದಾರಿಯಲ್ಲಿ ನಡೆಯುವ ಪ್ರಾಣಿಗೆ ಈ ಬಿರುದು. ಗಂಡಾನೆಗೆ ಮದವೇರಿ ಕಪೋಲದಿಂದ ರಸ ಸುರಿಯುವ ಕಾಲಕ್ಕೆ ಇಂಗ್ಲಿಷಿನವರು ಮಸ್ತ್ ಎಂಬ ಪಾರಸಿ ಪದವನ್ನೇ ತೆಗೆದುಕೊಂಡರು. ಅಮಲು ಎಂದು ಅರ್ಥ. ನಾವು ‘ಮಸ್ತ್ ಮಜಾ’ ಎನ್ನುತ್ತೇವಲ್ಲ, ಅದೇ. ಅಲ್ಲಿ ಹಾರ್ಮೋನು ಉಕ್ಕಿರುತ್ತದೆ, ಸಿಟ್ಟಿನ ಮಾತಿಲ್ಲ. ದುಬಾರೆ ಆನೆ ಶಿಬಿರದ ಮಾವುತರು ಅಂಥ ಆನೆಯನ್ನು ದೂರ ಕಟ್ಟಿಹಾಕಿ ಸುಮ್ಮನಿರುತ್ತಾರೆ, ಅದಕ್ಕೆ ಸ್ವಭಾವದೋಷ ಹಚ್ಚುವುದಿಲ್ಲ.

ಈಗ ಕಾವೇರಿ. ಕೊಡಗಿನಲ್ಲಿ ಸಿಟ್ಟಿನ ಮಾತೆತ್ತಿ ಅವಳನ್ನು ಬಿಡುವಂತಿಲ್ಲ. ನಿನ್ನನ್ನು ಒಂಟಿಯಾಗಿ ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಟ್ಟು ಅಗಸ್ತ್ಯ ಅವಳನ್ನು ಮದುವೆಯಾದ. ಒಂದು ದಿನ ಅವಳನ್ನು ಕಮಂಡಲುವಿನಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ಬಿಟ್ಟು, ಕನಕೆ ಹೊಳೆಯಲ್ಲಿ ಮೀಯಲು ಹೋದ. ಅವಳು ನೀರಾಗಿ ಹೊರಟಳು. ಬಲಮುರಿಯಲ್ಲಿ ಜನ ಅಡ್ಡ ನಿಂತರು. ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಮುಂದಿನಿಂದ ಹಿಂದಕ್ಕೆ ಸರಿಯಿತು, ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆಯೇ ಉಡುವುದು ಅದಕ್ಕೇ ಎನ್ನುತ್ತಾರೆ. ಪ್ರವಾಸಿಗರಿಗೆ ಹಂಚುವ ಇಂಗ್ಲಿಷ್ ಬರಹಗಳಲ್ಲಿ ಅವಳು ‘ಇನ್ ಎ ಹಫ್’ ಹೊರಟಳು ಎಂಬ ಧಾಟಿ ಕಾಣುತ್ತದೆ. ಹಫ್ ಎಂದರೆ ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದು ಎದ್ದುಹೋಗುವುದು. ಇದೇ ಕಥೆಯಲ್ಲಿ ಮಾತು ತಪ್ಪಿದ್ದು ಅವಳು, ಸಿಟ್ಟಾದದ್ದು ಅಗಸ್ತ್ಯ ಎಂದು ತಿರುಗಿಸಿ ನೋಡಿ: ರಾಥ್, ಕ್ರೋಧ, ಶಾಪ, ಉರಿಗಣ್ಣು ಎಲ್ಲ ಸಾಲುಗಟ್ಟುತ್ತವೆ. ಕನ್ನಡದಲ್ಲಂತೂ ಮುನಿ ಎಂದರೆ ಋಷಿಯೂ ಹೌದು, ಕೋಪಿಸಿಕೊಳ್ಳು ಎಂದೂ ಹೌದು. ಒಂದು ಸಂಸ್ಕೃತದಿಂದ ಬಂದದ್ದು, ಇನ್ನೊಂದು ನಮ್ಮ ದ್ರಾವಿಡದ್ದು, ನಂಟೇನೂ ಇಲ್ಲ. ಆದರೂ ನಮ್ಮ ಪುರಾಣದ ಋಷಿಗಳನ್ನು ನೋಡಿದರೆ ನಂಟಿಲ್ಲವೆಂದು ನಂಬುವುದು ಕಷ್ಟ. ಹೆಂಡತಿಯ ಪಾಲಿಗೆ ಬಂದದ್ದು ಆ ಕ್ರಿಯಾಪದದ ಮೆತ್ತನೆಯ ಮರಿ, ಮುನಿಸು. ಒಂದು ಮೊಳ ಹೂವಿನಿಂದ ತೀರಬಹುದಾದದ್ದು. ಬಂಗಾಳಕೊಲ್ಲಿ ಸೇರುವ ತನಕ ಹಿಂದಿರುಗಿ ನೋಡದವಳ ಸಿಟ್ಟಿಗೆ ಆ ಪದ ಸಾಲದು.

2018ರ ಆಗಸ್ಟಿನಲ್ಲಿ ಆ ಮುನಿಸು ಮತ್ತೆ ಕೆಲಸಕ್ಕೆ ಬಂತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜಾರಿ, ಮನೆ ತೋಟ ಗದ್ದೆ ಎಲ್ಲ ಕೆಸರಿನಡಿ ಹೋದಾಗ ಕನ್ನಡದಲ್ಲಿ ಎಲ್ಲೆಲ್ಲೂ ಪ್ರಕೃತಿಯ ಮುನಿಸು, ಇಂಗ್ಲಿಷಿನಲ್ಲಿ ನೇಚರ್ಸ್ ಫ್ಯೂರಿ. ಎರಡು ಪದಗಳ ನಡುವೆ ಅಜಗಜಾಂತರ. ಮಾಡಿದ ಕೆಲಸ ಮಾತ್ರ ಒಂದೇ. ಸಿಟ್ಟು ಬೆಟ್ಟದ್ದು, ಮಳೆಯದ್ದು, ದೇವಿಯದ್ದು ಎಂದಮೇಲೆ ಕೆಳಗೆ ಮನೆ ಕಳೆದುಕೊಂಡವನಿಗೆ ಉಳಿಯುವುದು ಬರೀ ದುಃಖ. ಮಳೆ ಅತಿಯಾಗಿ ಸುರಿದದ್ದು ಹೌದು. ಇಳಿಜಾರನ್ನು ರಸ್ತೆಗೆಂದು, ಹೋಂಸ್ಟೇಗೆಂದು ನೆಟ್ಟಗೆ ಕಡಿದದ್ದೂ ಕಾರಣ ಎಂದು ಪರಿಶೀಲನೆಗೆ ಬಂದ ಭೂವಿಜ್ಞಾನಿಗಳು ಹೇಳಿದರು. ಅದು ಒಳಪುಟಕ್ಕೆ ಹೋಯಿತು.

ಆಗ ಪರಿಹಾರ ಕೇಂದ್ರವೊಂದರಲ್ಲಿ ಹಾಸಿಗೆ ಹೊದಿಕೆ ಹಂಚಲು ನಾವು ಕೆಲವು ನಿವೃತ್ತರು ಹೋಗುತ್ತಿದ್ದೆವು. ಹೊರಗಿನಿಂದ ಬಂದ ಇಂಗ್ಲಿಷ್ ವರದಿಗಾರನೊಬ್ಬನಿಗೆ ದುಭಾಷಿ ಬೇಕಾಗಿ, ನನ್ನನ್ನು ಮುಂದೆ ಮಾಡಿದರು. ಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿದ್ದರು. ತೊಟ್ಟಿದ್ದು ಯಾರೋ ಕಳಿಸಿದ ಕಾಲೇಜು ಹುಡುಗರ ಟೀ ಶರ್ಟು. ವರದಿಗಾರ ಕೇಳಿದ, ‘ಆರ್ ಯೂ ಆ್ಯಂಗ್ರಿ?’

“ಅಜ್ಜ, ನಿಮಗೆ ಸಿಟ್ಟು ಬಂದಿದೆಯಾ ಅಂತ ಕೇಳ್ತಿದ್ದಾರೆ” ಎಂದೆ.

“ಯಾರ ಮೇಲೆ?” ಎಂದರು ಅಜ್ಜ.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಯಾರ ಮೇಲೆ ಅಂತಲ್ಲ, ಸುಮ್ಮನೆ, ಒಟ್ಟಾರೆ ಹೇಗನ್ನಿಸುತ್ತದೆ ಎಂದು ಕೇಳಿ ಎಂದ ವರದಿಗಾರ. ಒಟ್ಟಾರೆ ಸಿಟ್ಟು ಎಂಬುದನ್ನು ಅಜ್ಜನಿಗೆ ತಿಳಿಸುವುದು ನನ್ನಿಂದ ಆಗಲಿಲ್ಲ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ತಮ್ಮ ಮನೆಯ ಮೇಲ್ಗಡೆ ಗುಡ್ಡಕ್ಕೆ ಜೆಸಿಬಿ ಹತ್ತಿಸಿದವರ ಹೆಸರು ಹೇಳಿದರು. ಮನೆ ಹೆಸರು ಸಮೇತ, ಯಾವ ವರ್ಷ, ಬೇಡವೆಂದು ತಾವು ಪಂಚಾಯಿತಿಗೆ ಕೊಟ್ಟ ಅರ್ಜಿ ಯಾರ ಕೈಗೆ ಹೋಯಿತು ಎಂಬುದನ್ನೂ ಸೇರಿಸಿ. ನಾನು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ವರದಿಗಾರ ತಲೆಯಾಡಿಸಿದ, ಬರೆದುಕೊಳ್ಳಲಿಲ್ಲ. ಅಚ್ಚಾದ ವರದಿಯಲ್ಲಿ ಅಜ್ಜನ ಫೋಟೊ ಇತ್ತು, ಕೆಳಗೆ ಅವರ ಊರಿನ ಹೆಸರಿತ್ತು, ಅವರು ‘ನಮ್’ ಆಗಿದ್ದಾರೆ ಎಂದಿತ್ತು. ಮರಗಟ್ಟಿದ್ದಾರೆ ಎಂದು ಅದರರ್ಥ. ಮಾರನೆಯ ದಿನವೂ ಅಜ್ಜ ಅದೇ ಬೆಂಚಿನಲ್ಲಿದ್ದರು. ಎರಡನೇ ಅರ್ಜಿ ಬರೆದುಕೊಡಲು ನನ್ನನ್ನು ಕೇಳಿದರು, ಈ ಸಲ ಜಿಲ್ಲಾಧಿಕಾರಿಗೆ.